ಮೋಟಾರ್‌ಹೋಮ್‌ನಲ್ಲಿ ತಿಂಗಳುಗಟ್ಟಲೆ ಹೊರದೇಶ ಸುತ್ತುವವರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೊರದೇಶಗಳಲ್ಲಿ ಮೋಟಾರ್‌ಹೋಮ್‌ನಲ್ಲಿ, ಅಂದರೆ ಮಲಗಲು, ಅಡುಗೆ ಮಾಡಲು ಅನುಕೂಲವಿರುವ ಮನೆಯಂಥ ಗಾಡಿಯಲ್ಲಿ, ದೀರ್ಘಕಾಲ ಸುತ್ತಬೇಕೆಂದಿರುವ ಓದುಗರ ಪತ್ರಗಳಲ್ಲಿ ಕೆಲವನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಯಾವ ಊರು ನೋಡಬೇಕು, ಯಾವ ಕಣಿವೆ ಚೆಂದ ಎಂದು ಕೇಳಿದವರಿಗೆ ಇಲ್ಲಿ ಉತ್ತರ ಸಿಗದು. ಇಂಥ ಪ್ರವಾಸಗಳು ಅರ್ಧಕ್ಕೆ ನಿಂತದ್ದನ್ನು ನಾನು ನೋಡಿರುವುದೆಲ್ಲ ದಿನ, ಕಿಲೋ, ಲೀಟರ್, ಆಂಪಿಯರ್ ಇವುಗಳಲ್ಲಿ ಯಾವುದೋ ಒಂದರ ಲೆಕ್ಕ ತಪ್ಪಿದ್ದರಿಂದ. ಆದ್ದರಿಂದ ಲೆಕ್ಕ ಕೇಳಿದ ಪತ್ರಗಳಿಗೇ ಮೊದಲ ಮಣೆ.

ಪ್ರಶ್ನೆ: ಯುರೋಪಿನಲ್ಲಿ ಐದು ತಿಂಗಳು ಸುತ್ತಬೇಕೆಂದಿದ್ದೇವೆ. 90 ದಿನ ಮುಗಿದ ಮೇಲೆ ಒಂದೆರಡು ದಿನ ಗಡಿ ದಾಟಿ ಹೊರಗೆ ಹೋಗಿ ಬಂದರೆ ಎಣಿಕೆ ಹೊಸದಾಗಿ ಆರಂಭವಾಗುತ್ತದೆ ಎಂದು ಪರಿಚಿತರೊಬ್ಬರು ಹೇಳುತ್ತಾರೆ. ನಿಜವೇ?

ಉತ್ತರ: ನಿಜವಲ್ಲ, ಮತ್ತು ಈ ಮಾತನ್ನು ನಂಬಿ ಹೊರಟವರು ಗಡಿಯಲ್ಲಿ ಸಿಕ್ಕಿಬೀಳುವ ಸಂಭವ ಈಗ ಹಿಂದಿಗಿಂತ ಹೆಚ್ಚು. ಒಳಗಡಿಗಳಲ್ಲಿ ತಪಾಸಣೆಯಿಲ್ಲದ ಯುರೋಪಿನ ದೇಶಗಳ ಗುಂಪಾದ ಷೆಂಗೆನ್ ವಲಯದ ನಿಯಮದ ಪ್ರಕಾರ, ನೀವು ಯಾವ ದಿನ ನಿಂತು ಹಿಂದಿರುಗಿ ನೋಡಿದರೂ, ಅಲ್ಲಿಂದ ಹಿಂದಕ್ಕೆ 180 ದಿನಗಳಲ್ಲಿ ವಲಯದೊಳಗೆ ಕಳೆದ ದಿನಗಳು 90ನ್ನು ಮೀರಿರಬಾರದು. ಒಳಗೆ ಬಂದ ದಿನ, ಹೊರಗೆ ಹೋದ ದಿನ ಎರಡೂ ಎಣಿಕೆಗೆ ಸೇರುತ್ತವೆ. ಏಪ್ರಿಲ್ 1ರಂದು ಒಳಗೆ ಬಂದು ಒಂದೇ ಸಮನೆ ಇದ್ದರೆ ಜೂನ್ 29ಕ್ಕೆ ನಿಮ್ಮ ಪಾಲು ತೀರುತ್ತದೆ. ಸೆಪ್ಟೆಂಬರ್ 28ಕ್ಕೆ ಮೊದಲು ಮತ್ತೆ ಒಳಗೆ ಕಾಲಿಡುವಂತಿಲ್ಲ. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಬಂದಿರುವ ಹೊಸ ವ್ಯವಸ್ಥೆಯಲ್ಲಿ ಪಾಸ್‌ಪೋರ್ಟಿನ ಮುದ್ರೆಯ ಬದಲಿಗೆ ಮುಖದ ಚಿತ್ರ ಮತ್ತು ಬೆರಳಚ್ಚಿನೊಡನೆ ಬಂದುಹೋದ ದಿನಗಳು ಕಂಪ್ಯೂಟರಿನಲ್ಲಿ ದಾಖಲಾಗುವುದರಿಂದ, ಮಸುಕಾದ ಮುದ್ರೆಯ ಲಾಭ ಪಡೆಯುವ ಕಾಲ ಮುಗಿಯಿತು. ವೀಸಾ ಪಡೆದು ಹೋಗುವವರಿಗೆ ವೀಸಾದಲ್ಲಿ ಬರೆದಿರುವ ದಿನಗಳ ಸಂಖ್ಯೆಯೇ ಮಿತಿ. ಅದು 90ಕ್ಕಿಂತ ಕಡಿಮೆಯೂ ಇರಬಹುದು.

ಐದು ತಿಂಗಳು ಬೇಕೆಂದರೆ ನಡುವಿನ ಎರಡು ತಿಂಗಳನ್ನಾದರೂ ವಲಯದ ಹೊರಗೆ ಕಳೆಯುವಂತೆ ದಾರಿ ಹಾಕಿಕೊಳ್ಳಬೇಕು. ಬ್ರಿಟನ್, ಐರ್ಲೆಂಡ್, ಅಲ್ಬೇನಿಯಾ, ಬೋಸ್ನಿಯಾ, ಮಾಂಟೆನೆಗ್ರೊ, ಸರ್ಬಿಯಾ, ಟರ್ಕಿ, ಮೊರಾಕೊ ಇವೆಲ್ಲ ಹೊರಗಿನವು. ಪ್ರತಿಯೊಂದರ ಪ್ರವೇಶದ ನಿಯಮವೂ ಬೇರೆ. ಹಳೆಯ ಪ್ರವಾಸಿಗರು ಈ ಪಟ್ಟಿಗೆ ಕ್ರೊಯೇಷಿಯಾ, ರೊಮೇನಿಯಾ, ಬಲ್ಗೇರಿಯಾಗಳನ್ನೂ ಸೇರಿಸಿ ಹೇಳುತ್ತಾರೆ, ಕೇಳಬೇಡಿ. ಕ್ರೊಯೇಷಿಯಾ 2023ರಲ್ಲಿ ಷೆಂಗೆನ್ ಸೇರಿತು. ಉಳಿದೆರಡರ ಭೂಗಡಿಯ ತಪಾಸಣೆಯೂ 2025ರ ಜನವರಿ 1ಕ್ಕೆ ತೆಗೆದುಹೋಯಿತು.

ನಿಮ್ಮ ಎಣಿಕೆಯ ಜೊತೆಗೆ ಗಾಡಿಯ ಎಣಿಕೆಯೂ ಒಂದಿದೆ. ಐರೋಪ್ಯ ಒಕ್ಕೂಟದ ಹೊರಗೆ ನೋಂದಣಿಯಾದ ಗಾಡಿಯನ್ನು ಹೊರಗಿನ ನಿವಾಸಿಯೊಬ್ಬರು ತಂದರೆ ಸುಂಕವಿಲ್ಲದೆ ಇಟ್ಟುಕೊಳ್ಳಲು ಸಾಮಾನ್ಯವಾಗಿ ಆರು ತಿಂಗಳ ಅವಕಾಶವಿರುತ್ತದೆ. ಹೊರದೇಶದಲ್ಲೂ ಗಾಡಿಗೆ ವಿಮೆ ಇದೆಯೆಂದು ತೋರಿಸುವ ಹಸಿರು ಕಾರ್ಡಿನಲ್ಲಿ ದೇಶಗಳ ಸಂಕೇತಾಕ್ಷರಗಳಿರುತ್ತವೆ. ಅಡ್ಡಗೆರೆ ಎಳೆದಿರುವ ದೇಶಕ್ಕೆ ನಿಮ್ಮ ವಿಮೆ ಅನ್ವಯಿಸುವುದಿಲ್ಲ. ಇನ್ನೊಂದು ಮಾತು: 90 ದಿನ ಸಿಕ್ಕಿದೆಯೆಂದು ತೊಂಬತ್ತಕ್ಕೂ ಯೋಜನೆ ಹಾಕಬೇಡಿ. ಬಿಡಿಭಾಗಕ್ಕಾಗಿ ಗ್ಯಾರೇಜಿನಲ್ಲಿ ಒಂದು ವಾರ ಕಾಯಬೇಕಾಗಿ ಬರುವುದು ಮೋಟಾರ್‌ಹೋಮಿನ ಬಾಳಿನಲ್ಲಿ ಅಪರೂಪವೇನಲ್ಲ. ಎಂಬತ್ತಕ್ಕೆ ಯೋಜಿಸುವುದು ಕ್ಷೇಮ.

ಪ್ರಶ್ನೆ: ಹೋಗುವವರು ನಾವಿಬ್ಬರೇ. ಗಾಡಿಯಲ್ಲಿ ಬೀರುಗಳು ಬೇಕಾದಷ್ಟಿವೆ, ಹಾಸಿಗೆಯ ಕೆಳಗೆ ಸಾಮಾನು ತುಂಬುವ ದೊಡ್ಡ ಗ್ಯಾರೇಜ್ ಇದೆ. ಆರು ತಿಂಗಳಿಗೆ ಬೇಕಾದ್ದನ್ನೆಲ್ಲ ತುಂಬಿಕೊಂಡು ಹೊರಡಬಹುದಲ್ಲವೇ?

ಉತ್ತರ: ಜಾಗವಿದ್ದ ಮಾತ್ರಕ್ಕೆ ಹೊರುವ ಶಕ್ತಿ ಇದೆಯೆಂದು ಅರ್ಥವಲ್ಲ. ಯುರೋಪಿನ ಬಹುಪಾಲು ಮೋಟಾರ್‌ಹೋಮ್‌ಗಳು ಸಾಮಾನ್ಯ ಕಾರಿನ ಪರವಾನಗಿಯಲ್ಲಿಯೇ ಓಡಿಸಬಹುದಾದ 3,500 ಕಿಲೋ ಮಿತಿಗೆ ಹೊಂದುವಂತೆ ತಯಾರಾದವು, ಮತ್ತು ಖಾಲಿ ಇರುವಾಗಲೇ ಆ ಮಿತಿಯ ಹತ್ತಿರ ಬಂದು ನಿಂತಿರುತ್ತವೆ. ಒಂದು ಉದಾಹರಣೆ ನೋಡೋಣ. ಚಾಲಕ, ಡೀಸೆಲ್, ಗ್ಯಾಸ್ ಸೇರಿ ಗಾಡಿಯ ತೂಕ 3,050 ಕಿಲೋ ಎಂದಿದ್ದರೆ ನಿಮಗೆ ಉಳಿದದ್ದು 450. ಜೊತೆಗಾರರು 70, ತುಂಬಿದ ನೀರಿನ ಟ್ಯಾಂಕ್ 100, ಪಕ್ಕಕ್ಕೆ ಬಿಚ್ಚುವ ನೆರಳುಚಪ್ಪರ 30, ಎರಡು ಸೈಕಲ್ ಮತ್ತು ಅವುಗಳ ಸ್ಟ್ಯಾಂಡ್ 50, ಎರಡನೆಯ ಬ್ಯಾಟರಿ 25, ಬಟ್ಟೆ ಹಾಸಿಗೆ 60, ಅಡುಗೆಯ ಪಾತ್ರೆ ಪದಾರ್ಥ 60, ಉಪಕರಣ, ಕೇಬಲ್, ಕುರ್ಚಿ, ಮೇಜು ಎಲ್ಲ ಸೇರಿ 50. ಕೂಡಿಸಿದರೆ 445. ಇನ್ನು ನಿಮ್ಮ ಕೈಲಿರುವುದು ಐದು ಕಿಲೋ. ಕಂಪನಿಯವರು ಕೊಡುವ ಖಾಲಿ ತೂಕದಲ್ಲಿ ಆಮೇಲೆ ಜೋಡಿಸಿದ ಸೌರ ಫಲಕ, ಏಣಿ, ಟಿವಿ ಯಾವುದೂ ಸೇರಿರುವುದಿಲ್ಲವಾದ್ದರಿಂದ ಆ ಐದು ಕಿಲೋ ಕೂಡ ಕಾಗದದ ಮೇಲಿನದು.

ಗ್ಯಾರೇಜಿನ ವಿಷಯ ಇನ್ನೂ ಸೂಕ್ಷ್ಮ. ಅದು ಹಿಂದಿನ ಚಕ್ರಗಳಿಗಿಂತ ಹಿಂದೆ ಇರುವುದರಿಂದ ಅಲ್ಲಿಟ್ಟ ಭಾರ ತಕ್ಕಡಿಯ ದಂಡಿಗೆಯಂತೆ ಕೆಲಸ ಮಾಡುತ್ತದೆ. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ (ಚಕ್ರದ ಅಚ್ಚುಗಳ) ನಡುವೆ 4 ಮೀಟರ್ ಇದ್ದು, ಹಿಂದಿನ ಆಕ್ಸಲ್‌ನಿಂದ ಒಂದೂವರೆ ಮೀಟರ್ ಹಿಂದೆ ನೀವು 100 ಕಿಲೋ ಇಟ್ಟರೆ, ಹಿಂದಿನ ಆಕ್ಸಲ್ ಮೇಲೆ ಬೀಳುವುದು ನೂರಲ್ಲ, 137 ಕಿಲೋಗೂ ಹೆಚ್ಚು; ಆ ಹೆಚ್ಚುವರಿ ಮುಂದಿನ ಚಕ್ರಗಳಿಂದ ಕಳೆದುಹೋಗುತ್ತದೆ. ಮುಂದಿನ ಚಕ್ರದಿಂದ ಎಳೆಯುವ ಗಾಡಿಯಾದರೆ ಒದ್ದೆ ಹುಲ್ಲಿನ ಮೇಲೆ ಚಕ್ರ ಸುಮ್ಮನೆ ತಿರುಗುತ್ತ ನಿಲ್ಲುವುದು ಇದರಿಂದಲೇ. ಭಾರದ ಸಾಮಾನು ನೆಲಮಟ್ಟದಲ್ಲಿ, ಎರಡು ಆಕ್ಸಲ್‌ಗಳ ನಡುವೆ ಇರಲಿ. ಗ್ಯಾರೇಜಿಗೆ ಕುರ್ಚಿ, ಹೊದಿಕೆಯಂಥ ಹಗುರವಾದವು ಸಾಕು.

ಹೊರಡುವ ಮುನ್ನ ಎಲ್ಲವನ್ನೂ ತುಂಬಿ, ಎಲ್ಲರೂ ಕುಳಿತು, ಲಾರಿ ತೂಗುವ ವೇಬ್ರಿಡ್ಜಿನ ಮೇಲೆ ಗಾಡಿಯನ್ನು ಮೂರು ಸಲ ತೂಗಿಸಿ: ಮುಂದಿನ ಚಕ್ರಗಳು, ಹಿಂದಿನ ಚಕ್ರಗಳು, ಇಡೀ ಗಾಡಿ. ಒಟ್ಟು ತೂಕ ಸರಿಯಿದ್ದು ಹಿಂದಿನ ಆಕ್ಸಲ್ ಮಿತಿ ಮೀರಿರುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಹಾಗೆಯೇ ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ತಾರೀಖು ಹುಡುಕಿ. 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದದ್ದು. ಮೋಟಾರ್‌ಹೋಮ್‌ಗಳು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಟೈರಿನ ಗೀರು ಸವೆಯುವ ಮೊದಲೇ ರಬ್ಬರು ಮುದಿಯಾಗುತ್ತದೆ. ಗೀರು ಹೊಸದರಂತಿದೆ ಎಂದು ಹಳೆಯ ಟೈರನ್ನು ನಂಬಿ ಹೋಗಬೇಡಿ.

ಪ್ರಶ್ನೆ: ಬಾಡಿಗೆ ಗಾಡಿ ಕೈಗೆ ಬರುವಾಗ ಏನೇನು ನೋಡಿಕೊಳ್ಳಬೇಕು?

ಉತ್ತರ: ಚಾವಣಿ, ತಳಭಾಗ, ನೆರಳುಚಪ್ಪರ ಇವುಗಳಿಗಾದ ಹಾನಿಯನ್ನು ಬಾಡಿಗೆ ವಿಮೆಗಳು ಬಹುಮಟ್ಟಿಗೆ ಹೊರಗಿಡುತ್ತವೆ, ಆದರೆ ಗಾಡಿಯ ಸುತ್ತ ತಿರುಗುತ್ತ ವಿಡಿಯೊ ತೆಗೆಯುವವರು ಈ ಮೂರನ್ನೇ ಮರೆಯುತ್ತಾರೆ. ಜಲ್ಲಿರಸ್ತೆಗೆ ಅನುಮತಿ ಇದೆಯೇ, ಯಾವ ಯಾವ ದೇಶಕ್ಕೆ ಒಯ್ಯಬಹುದು ಎಂಬುದನ್ನು ಬರಹದಲ್ಲಿ ಪಡೆಯಿರಿ. ಅಮೆರಿಕದಲ್ಲಿ ವಿಪರೀತ ಬಿಸಿಯ ಮರುಭೂಮಿಯಾದ ಡೆತ್ ವ್ಯಾಲಿಗೆ ಬೇಸಿಗೆಯಲ್ಲಿ ಹೋಗಕೂಡದೆಂದು ಹಲವು ಬಾಡಿಗೆ ಕರಾರುಗಳಲ್ಲಿಯೇ ಬರೆದಿರುತ್ತದೆ.

ಇನ್ನು ಮುಚ್ಚಳಗಳು. ಗಾಡಿಯ ಮೈಮೇಲೆ ಡೀಸೆಲ್‌ಗೊಂದು, ನೀರಿಗೊಂದು, ಡೀಸೆಲ್ ಹೊಗೆಯನ್ನು ಶುದ್ಧಗೊಳಿಸುವ ಆಡ್‌ಬ್ಲೂ ದ್ರವಕ್ಕೊಂದು ಬಾಯಿ ಇರುತ್ತದೆ. ದಣಿದ ಸಂಜೆಯಲ್ಲಿ ಒಂದರದ್ದನ್ನು ಇನ್ನೊಂದಕ್ಕೆ ಸುರಿದರೆ ಇಂಧನದ ಕೊಳವೆಗಳನ್ನೆಲ್ಲ ಬಿಚ್ಚಬೇಕಾದ ಪ್ರಸಂಗ ಬರುತ್ತದೆ. ಬಂಕಿನಲ್ಲಿ ಪಂಪಿನ ಬಣ್ಣವನ್ನೂ ನಂಬಬೇಡಿ. ಯುರೋಪಿನ ಹಲವೆಡೆ ಹಸಿರು ಹಿಡಿ ಪೆಟ್ರೋಲಿನದು, ಅಮೆರಿಕದಲ್ಲಿ ಹಸಿರು ಹೆಚ್ಚಾಗಿ ಡೀಸೆಲಿನದು. ಯುರೋಪಿನಲ್ಲಿ ಚೌಕದೊಳಗೆ ಬಿ7 ಎಂದಿರುವುದು ಡೀಸೆಲ್, ವೃತ್ತದೊಳಗೆ ಇ5 ಅಥವಾ ಇ10 ಎಂದಿರುವುದು ಪೆಟ್ರೋಲ್. ಗಾಡಿಯ ಎತ್ತರ, ಉದ್ದ, ಅಗಲವನ್ನು ಮೀಟರಿನಲ್ಲಿಯೂ ಅಡಿ-ಅಂಗುಲದಲ್ಲಿಯೂ ಬರೆದು ಸ್ಟಿಯರಿಂಗ್‌ನ ಎದುರಿಗೆ ಅಂಟಿಸಿ, 3.1 ಮೀಟರ್ ಎಂದರೆ 10 ಅಡಿ 2 ಅಂಗುಲ ದಾಟುತ್ತದೆ, 10 ಅಡಿ 3 ಅಂಗುಲವೆಂದೇ ಬರೆಯಿರಿ. ಸೇತುವೆ ಎದುರಾದಾಗ ಗುಣಾಕಾರ ಮಾಡುತ್ತ ಕೂರುವ ಸಮಯವಿರುವುದಿಲ್ಲ.

ಪ್ರಶ್ನೆ: ಕೇಳಲು ಸಂಕೋಚ. ಆದರೂ ಶೌಚದ ವ್ಯವಸ್ಥೆ ದಿನನಿತ್ಯ ಹೇಗೆ ನಡೆಯುತ್ತದೆ? ನೀರು ಎಷ್ಟು ದಿನ ಬರುತ್ತದೆ?

ಉತ್ತರ: ಸಂಕೋಚ ಬೇಡ, ಒಂದು ವಾರ ಕಳೆದ ಮೇಲೆ ಮೋಟಾರ್‌ಹೋಮಿನವರು ಒಬ್ಬರಿಗೊಬ್ಬರು ಮೊದಲು ಕೇಳುವ ಪ್ರಶ್ನೆಯೇ ಇದು. ಯುರೋಪಿನ ಗಾಡಿಗಳಲ್ಲಿ ಹೆಚ್ಚಾಗಿ ಇರುವುದು ಹೊರಗಿನಿಂದ ಎಳೆದು ತೆಗೆಯಬಹುದಾದ ಇಪ್ಪತ್ತು ಲೀಟರಿನ ಆಸುಪಾಸಿನ ಪೆಟ್ಟಿಗೆ. ಅದನ್ನು ಕ್ಯಾಸೆಟ್ ಎನ್ನುತ್ತಾರೆ. ಇಬ್ಬರು ಬಳಸಿದರೆ ಎರಡರಿಂದ ಮೂರು ದಿನ. ಅಮೆರಿಕದ ದೊಡ್ಡ ಗಾಡಿಗಳಲ್ಲಿ ಅದರ ಬದಲು ತಳದಲ್ಲಿ ಟ್ಯಾಂಕ್ ಇದ್ದು ದಪ್ಪ ಪೈಪಿನ ಮೂಲಕ ಹರಿಯಬಿಡಬೇಕು. ಅಲ್ಲಿ ಮೊದಲು ಶೌಚದ ಟ್ಯಾಂಕ್, ಆಮೇಲೆ ಸ್ನಾನ-ಪಾತ್ರೆಯ ನೀರಿನ ಟ್ಯಾಂಕ್ ಎಂಬ ಕ್ರಮ ಪಾಲಿಸಿದರೆ ಎರಡನೆಯದು ಪೈಪನ್ನು ತೊಳೆದುಕೊಂಡು ಹೋಗುತ್ತದೆ.

ಕ್ಯಾಸೆಟ್ ಖಾಲಿ ಮಾಡುವಾಗ ಹೊಸಬರು ಮಾಡುವ ತಪ್ಪು ಒಂದೇ. ಸುರಿಯುವ ಕೊಳವೆಯನ್ನು ಗುಂಡಿಯ ಕಡೆಗೆ ತಿರುಗಿಸಿ ಪೆಟ್ಟಿಗೆಯನ್ನು ಬಗ್ಗಿಸುತ್ತಾರೆ, ಮೇಲ್ಭಾಗದಲ್ಲಿರುವ ಗಾಳಿಯ ಬಟನ್ ಒತ್ತುವುದಿಲ್ಲ. ಒಳಗೆ ಗಾಳಿ ಹೋಗಲು ದಾರಿಯಿಲ್ಲದೆ ಗುಳುಗುಳು ಎಂದು ಎಗರಿ ಷೂ ಮೇಲೆ ಬೀಳುತ್ತದೆ. ಬಗ್ಗಿಸಿದ ಮೇಲೆ ಹೆಬ್ಬೆರಳಿನಿಂದ ಆ ಬಟನ್ ಒತ್ತಿ ಹಿಡಿದರೆ ಸದ್ದಿಲ್ಲದೆ ಒಂದೇ ಧಾರೆಯಾಗಿ ಇಳಿಯುತ್ತದೆ. ಪೂರ್ತಿ ತುಂಬುವವರೆಗೆ ಕಾಯದೆ ಮುಕ್ಕಾಲಿಗೇ ಒಯ್ಯಿರಿ. ಇಪ್ಪತ್ತು ಕಿಲೋ ಹೊತ್ತು ಇನ್ನೂರು ಮೀಟರ್ ನಡೆಯುವುದು ಎಲ್ಲರ ಬೆನ್ನಿಗೂ ಆಗುವ ಕೆಲಸವಲ್ಲ. ಕಾಡಿನಲ್ಲಿ, ಚರಂಡಿಯಲ್ಲಿ ಸುರಿಯುವವರ ದೆಸೆಯಿಂದಲೇ ಎಷ್ಟೋ ಊರುಗಳು ಮೋಟಾರ್‌ಹೋಮ್‌ಗಳಿಗೆ ಬಾಗಿಲು ಹಾಕಿವೆ.

ನೀರಿನ ಬಗ್ಗೆ: ನೂರು ಲೀಟರ್ ಇಬ್ಬರಿಗೆ ಮೂರು-ನಾಲ್ಕು ದಿನ ಬರುತ್ತದೆ, ಮೈ ಒದ್ದೆ ಮಾಡಿ ನಲ್ಲಿ ನಿಲ್ಲಿಸಿ ಸೋಪು ಹಚ್ಚಿ ಮತ್ತೆ ತಿರುಗಿಸುವ ಶಿಸ್ತು ಇದ್ದರೆ ಮಾತ್ರ. ನೀರು ತುಂಬಲು ನಿಮ್ಮದೇ ಪೈಪ್ ಇರಲಿ. ಶೌಚದ ಗುಂಡಿಯ ಪಕ್ಕದಲ್ಲಿರುವ ನಲ್ಲಿ ಪೆಟ್ಟಿಗೆ ತೊಳೆಯುವುದಕ್ಕಿರುವುದು. ಅದರಿಂದ ಎಂದಿಗೂ ಕುಡಿಯುವ ನೀರು ಹಿಡಿಯಬೇಡಿ. ಕುಡಿಯುವ ನೀರಿನ ನಲ್ಲಿಯಾದರೂ ನಿಮಗಿಂತ ಮೊದಲು ಬಂದವರು ಅಲ್ಲಿ ಏನು ತೊಳೆದರೋ ಗೊತ್ತಿರುವುದಿಲ್ಲ. ಬಾಯಿಯನ್ನು ಒರೆಸಿ, ಸ್ವಲ್ಪ ನೀರು ಹರಿಯಬಿಟ್ಟು ಆಮೇಲೆ ಜೋಡಿಸಿ.

ಪ್ರಶ್ನೆ: ಕ್ಯಾಂಪ್‌ಸೈಟಿನಲ್ಲಿ ವಿದ್ಯುತ್ ಇದ್ದರೂ ಕೆಟಲ್ ಹಾಕಿದ ಕೂಡಲೇ ಎಲ್ಲ ಆರಿಹೋಯಿತು ಎಂದು ಮಿತ್ರರು ಬರೆದಿದ್ದಾರೆ. ಗ್ಯಾಸ್ ಸಿಲಿಂಡರನ್ನೂ ಮುಂದಿನ ದೇಶದಲ್ಲಿ ಬದಲಿಸಿಕೊಳ್ಳಲಾಗಲಿಲ್ಲವಂತೆ.

ಉತ್ತರ: ಮನೆಯ ಲೆಕ್ಕದಲ್ಲಿ ಯೋಚಿಸುವುದರಿಂದ ಹೀಗಾಗುತ್ತದೆ. ಯುರೋಪಿನ ಎಷ್ಟೋ ಕ್ಯಾಂಪ್‌ಸೈಟುಗಳಲ್ಲಿ ಒಂದು ಗಾಡಿಗೆ ಕೊಡುವುದು 6 ಆಂಪಿಯರ್. ಅದನ್ನು 230 ವೋಲ್ಟ್‌ನಿಂದ ಗುಣಿಸಿದರೆ 1,380 ವ್ಯಾಟ್. ಮನೆಯ ಕೆಟಲ್ ಒಂದೇ 2,000 ವ್ಯಾಟ್ ಬೇಡುತ್ತದೆ. 1,000 ವ್ಯಾಟಿಗಿಂತ ಕಡಿಮೆಯ ಪ್ರವಾಸಿ ಕೆಟಲ್ ಕೊಳ್ಳಿ. ಅದು ಕುದಿಯುವಾಗ ಹೀಟರ್ ಆರಿಸಿ. ಸೈಟಿನ ಸ್ವಿಚ್ ಬಿದ್ದರೆ ಅದರ ಪೆಟ್ಟಿಗೆಗೆ ಬೀಗವಿರುವುದೂ ಉಂಟು, ರಾತ್ರಿ ಹತ್ತಕ್ಕೆ ಬೀಗದ ಕೈ ಇರುವವರನ್ನು ಎಬ್ಬಿಸುವುದು ಯಾರಿಗೂ ಹಿತವಲ್ಲ. ಸೈಟಿನಲ್ಲಿ ಇಲ್ಲದ ದಿನಗಳಿಗೆ ಬ್ಯಾಟರಿಯೇ ಗತಿ. ಹಳೆಯ ಬಗೆಯ ಸೀಸ-ಆಮ್ಲದ 100 ಆಂಪಿಯರ್-ಗಂಟೆ ಬ್ಯಾಟರಿಯಲ್ಲಿ ಅರ್ಧವನ್ನಷ್ಟೇ ಬಳಸಬೇಕು, ಅದಕ್ಕಿಂತ ಕೆಳಗಿಳಿಸುತ್ತ ಹೋದರೆ ಅದರ ಆಯುಸ್ಸು ಬೇಗ ತೀರುತ್ತದೆ. ಲಿಥಿಯಂ ಬ್ಯಾಟರಿಯಲ್ಲಿ ಬಹುಭಾಗವನ್ನು ಬಳಸಬಹುದು, ತೂಕವೂ ಕಡಿಮೆ. ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಕೂಡದು.

ಗ್ಯಾಸಿನ ವಿಷಯದಲ್ಲಿ ಯುರೋಪು ಇನ್ನೂ ಒಂದಾಗಿಲ್ಲ ಎಂದರೂ ತಪ್ಪಾಗಲಾರದು. ಒಂದು ದೇಶದ ಸಿಲಿಂಡರನ್ನು ಪಕ್ಕದ ದೇಶದವರು ಸಾಮಾನ್ಯವಾಗಿ ಬದಲಿಸಿಕೊಡುವುದಿಲ್ಲ, ರೆಗ್ಯುಲೇಟರಿನ ತಿರುಪೂ ಹೊಂದುವುದಿಲ್ಲ. ತಿಂಗಳುಗಟ್ಟಲೆ ತಿರುಗುವವರಿಗೆ ನನ್ನ ಸಲಹೆ, ಬಂಕಿನಲ್ಲಿ ವಾಹನಕ್ಕೆ ತುಂಬುವ ಎಲ್‌ಪಿಜಿಯನ್ನೇ ತುಂಬಿಸಿಕೊಳ್ಳಬಹುದಾದ, ಶೇಕಡಾ 80ಕ್ಕೆ ತಾನೇ ನಿಲ್ಲುವ ಕವಾಟವಿರುವ ಸಿಲಿಂಡರನ್ನು ಅಧಿಕೃತರಿಂದ ಅಳವಡಿಸಿಕೊಳ್ಳುವುದು. ಬಂಕಿನ ಮೂತಿಗಳು ನಾಲ್ಕು ಬಗೆಯವು, ನಾಲ್ಕಕ್ಕೂ ಅಡಾಪ್ಟರ್‌ಗಳ ಸಣ್ಣ ಚೀಲ ಇಟ್ಟುಕೊಂಡರೆ ಆಯಿತು. ಚಳಿಯ ಕಡೆ ಹೋಗುವವರು ಬ್ಯುಟೇನ್ ನೆಚ್ಚಬೇಡಿ. ಅದು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿಯೇ ಆವಿಯಾಗುವುದನ್ನು ನಿಲ್ಲಿಸುತ್ತದೆ. ಸಿಲಿಂಡರ್ ತುಂಬಿದ್ದರೂ ಒಲೆ ಹತ್ತುವುದಿಲ್ಲ. ಪ್ರೊಪೇನ್ ಮೈನಸ್ 42 ಡಿಗ್ರಿಯವರೆಗೂ ಕೆಲಸ ಮಾಡುತ್ತದೆ. ಬಂಕಿಗೆ ನುಗ್ಗುವ ಮುನ್ನ, ಹಡಗು ಏರುವ ಮುನ್ನ ಗ್ಯಾಸ್ ಮುಚ್ಚಿ. ಚಳಿಯೆಂದು ಅಡುಗೆಯ ಒಲೆ ಹಚ್ಚಿಟ್ಟುಕೊಂಡು ಮಲಗುವುದು ಸಾವಿಗೆ ಕರೆ ಕಳಿಸಿದಂತೆ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಅದನ್ನು ಗುರುತಿಸುವ ಅಲಾರಂ ಇಲ್ಲದೆ ಗಾಡಿ ಹೊರಡಕೂಡದು.

ಪ್ರಶ್ನೆ: ನನಗೆ ಇನ್ಸುಲಿನ್ ಬೇಕು. ಗಾಡಿಯ ಫ್ರಿಜ್ ನಂಬಬಹುದೇ?

ಉತ್ತರ: ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು, ಹೆಪ್ಪುಗಟ್ಟಿದರೆ ಎಸೆಯಬೇಕು. ಗ್ಯಾಸಿನಿಂದಲೂ ನಡೆಯುವ ಫ್ರಿಜ್‌ಗಳು ಗಾಡಿ ಓರೆಯಾಗಿ ನಿಂತರೆ ಸರಿಯಾಗಿ ತಂಪಾಗುವುದಿಲ್ಲ. ತಣ್ಣನೆಯ ರಾತ್ರಿಯಲ್ಲಿ ಹಿಂಬದಿಯ ಫಲಕದ ಬಳಿ ಸೊನ್ನೆಗೂ ಇಳಿಯಬಹುದು. ಗರಿಷ್ಠ-ಕನಿಷ್ಠ ತೋರಿಸುವ ಸಣ್ಣ ಥರ್ಮಾಮೀಟರನ್ನು ಔಷಧದ ಡಬ್ಬಿಯೊಳಗೇ ಇಟ್ಟು ಬೆಳಿಗ್ಗೆ ನೋಡಿ. ಔಷಧದ ಚೀಟಿಯಲ್ಲಿ ಕಂಪನಿಯ ಹೆಸರಿನ ಜೊತೆಗೆ ರಾಸಾಯನಿಕದ ಹೆಸರನ್ನೂ ವೈದ್ಯರಿಂದ ಬರೆಸಿಕೊಳ್ಳಿ. ಪ್ರವಾಸ ವಿಮೆಯಲ್ಲಿ ಒಂದು ಪ್ರವಾಸಕ್ಕೆ ಎಷ್ಟು ದಿನವೆಂಬ ಮಿತಿ ಇರುತ್ತದೆ, ವರ್ಷದ ಪಾಲಿಸಿ ಎಂಬ ಹೆಸರು ನೋಡಿ ಸಮಾಧಾನಪಡಬೇಡಿ.

ಪ್ರಶ್ನೆ: ಎಲ್ಲಿ ಬೇಕಾದರೂ ನಿಲ್ಲಿಸಿ ಮಲಗುವ ಸ್ವಾತಂತ್ರ್ಯವೇ ಮೋಟಾರ್‌ಹೋಮಿನ ಸುಖ ಎಂದುಕೊಂಡಿದ್ದೆವು. ಈಗ ದಂಡದ ಕತೆಗಳನ್ನು ಕೇಳುತ್ತಿದ್ದೇವೆ.

ಉತ್ತರ: ಆ ಸುಖ ಜಾಹೀರಾತಿನ ಚಿತ್ರಗಳಲ್ಲಿ ಹೆಚ್ಚು. ನಾರ್ವೆ, ಸ್ವೀಡನ್‌ಗಳಲ್ಲಿ ಪ್ರಕೃತಿಯಲ್ಲಿ ಎಲ್ಲಿ ಬೇಕಾದರೂ ತಂಗುವ ಹಕ್ಕಿದೆ ಎಂಬುದು ನಡೆದು ಹೋಗಿ ಡೇರೆ ಹಾಕುವವರ ಮಾತು. ಮೋಟಾರು ಗಾಡಿಗೆ ಆ ಹಕ್ಕು ಅನ್ವಯಿಸುವುದಿಲ್ಲ. ಜರ್ಮನಿಯಲ್ಲಿ ದಣಿವಾರಿಸಿಕೊಂಡು ಮುಂದೆ ಸಾಗಲು ಒಂದು ರಾತ್ರಿ ಮಲಗಬಹುದು, ಆದರೆ ಕುರ್ಚಿ ಹೊರಗಿಟ್ಟು ಚಪ್ಪರ ಬಿಚ್ಚಿದ ಕ್ಷಣ ಅದು ತಂಗುವಿಕೆಯಿಂದ ಬಿಡಾರವಾಗಿಬಿಡುತ್ತದೆ. ಈ ವ್ಯತ್ಯಾಸವನ್ನು ಸ್ಪೇನಿನ ಪೊಲೀಸರೂ ಗಮನಿಸುತ್ತಾರೆ. ನ್ಯೂಜಿಲೆಂಡಿನಲ್ಲಿ ಬಯಲಲ್ಲಿ ತಂಗುವುದರ ಕುರಿತ 2011ರ ಕಾಯ್ದೆಗೆ 2023ರಲ್ಲಿ ತಂದ ತಿದ್ದುಪಡಿಯ ನಂತರ, ಸ್ವಯಂಪೂರ್ಣ ಗಾಡಿ (ನೀರು, ಶೌಚಗಳ ವ್ಯವಸ್ಥೆ ತನ್ನೊಳಗೇ ಇರುವುದು) ಎನಿಸಿಕೊಳ್ಳಲು ಕದಲದಂತೆ ಜೋಡಿಸಿದ ಶೌಚಾಲಯ ಬೇಕೇ ಬೇಕು. ಅಮೆರಿಕದ ಭೂನಿರ್ವಹಣಾ ಇಲಾಖೆಯ ಬಯಲುಗಳು ಮಾತ್ರ ಉದಾರ. ಅಲ್ಲೂ ಸಾಮಾನ್ಯವಾಗಿ 28 ದಿನಗಳ ಅವಧಿಯಲ್ಲಿ ಒಂದೆಡೆ 14 ದಿನ ಎಂಬ ಕಟ್ಟಳೆಯಿದೆ.

ಬೇಸರಪಡಬೇಕಾಗಿಲ್ಲ. ಫ್ರಾನ್ಸಿನಲ್ಲಿ ಏರ್ ಎಂದೂ ಜರ್ಮನಿಯಲ್ಲಿ ಸ್ಟೆಲ್‌ಪ್ಲಾಟ್ಸ್ ಎಂದೂ ಕರೆಯುವ, ಮೋಟಾರ್‌ಹೋಮಿಗೆಂದೇ ಇರುವ ತಂಗುತಾಣಗಳು ಊರೂರಿನಲ್ಲಿವೆ, ಅವುಗಳಲ್ಲಿ ಹಲವೆಡೆ ನೀರು, ಶೌಚದ ಗುಂಡಿ ಎರಡೂ ಇರುತ್ತವೆ. ದಂಡ ಬೀಳುವುದು ಹೆಚ್ಚಾಗಿ ಬೇರೆ ಕಡೆ. ಇಟಲಿಯ ಹಳೆಯ ಪೇಟೆಗಳ ಸುತ್ತ ಕೆಂಪು ವೃತ್ತದ ಫಲಕದೊಡನೆ ಝೆಡ್‌ಟಿಎಲ್ (ಅನುಮತಿಯಿದ್ದ ಗಾಡಿಗಳಿಗಷ್ಟೇ ಪ್ರವೇಶ) ಎಂದು ಬರೆದಿರುವ ಗಡಿ ದಾಟಿದರೆ ಕ್ಯಾಮೆರಾ ಹಿಡಿಯುತ್ತದೆ, ಚೀಟಿ ತಿಂಗಳುಗಳ ನಂತರ ಮನೆಗೆ ಬರುತ್ತದೆ. ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್, ಸ್ಲೊವೇನಿಯಾಗಳ ಹೆದ್ದಾರಿಗೆ ವಿನ್ಯೆಟ್ (ನಿಗದಿತ ಅವಧಿಯ ರಸ್ತೆಸುಂಕದ ಚೀಟಿ) ಮೊದಲೇ ಕೊಳ್ಳಬೇಕು. ಸ್ವಿಸ್ ವಿನ್ಯೆಟ್ ಒಂದು ದಿನಕ್ಕೂ ಇಡೀ ವರ್ಷದ್ದನ್ನೇ ಕೊಳ್ಳಬೇಕು. 3,500 ಕಿಲೋ ಮೀರಿದ ಗಾಡಿಗೆ ಆಸ್ಟ್ರಿಯಾದಲ್ಲಿ ವಿನ್ಯೆಟ್ ನಡೆಯುವುದಿಲ್ಲ, ದೂರಕ್ಕೆ ತಕ್ಕಂತೆ ಹಣ ಮುರಿಯುವ ಪೆಟ್ಟಿಗೆ ಬೇಕು.

ಪ್ರಶ್ನೆ: ದಿನಕ್ಕೆ 400 ಕಿಲೋಮೀಟರ್‌ನಂತೆ ಯೋಜನೆ ಹಾಕಿದ್ದೇವೆ. ಇಬ್ಬರಿಗೂ ಅರವತ್ತು ದಾಟಿದೆ. ಹೆಚ್ಚಾಯಿತೇ?

ಉತ್ತರ: ಹೆಚ್ಚಾಯಿತು. ಮೂರು ದಿನ ಮಾಡಬಹುದು, ಮೂರು ತಿಂಗಳು ಸಾಧ್ಯವಿಲ್ಲ. ಫೋನಿನ ನಕ್ಷೆ ಹೇಳುವ ಸಮಯ ಕಾರಿನದು, ಅದಕ್ಕೆ ಕಾಲುಭಾಗ ಸೇರಿಸಿ. ಓಡುವ ದಿನ 200 ಕಿಲೋಮೀಟರ್, ಸಂಜೆ ನಾಲ್ಕಕ್ಕೆ ನಿಲುಗಡೆ, ವಾರಕ್ಕೊಂದು ದಿನ ಬಟ್ಟೆ ಒಗೆಯಲು, ನೀರು-ಗ್ಯಾಸ್ ತುಂಬಲು, ಸುಮ್ಮನೆ ಕೂರಲು. ಕತ್ತಲಾದ ಮೇಲೆ ಗೊತ್ತಿಲ್ಲದ ತಾಣಕ್ಕೆ ಹೋಗುವುದು, ದಣಿದಾಗ ಹಿಂದಕ್ಕೆ ತೆಗೆಯುವುದು ಇವೆರಡರಲ್ಲಿಯೇ ಗಾಡಿಗೆ ಪೆಟ್ಟು ಬೀಳುವುದು. ನಾನೂ ಒಮ್ಮೆ ಹೀಗೆ ಸಂಜೆಗತ್ತಲಲ್ಲಿ ಬಂಕಿನಿಂದ ಹೊರಟು ಸ್ಟಿಯರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿದೆ. ಮುಂಭಾಗ ಎಡಕ್ಕೆ ಹೋದಷ್ಟೂ ಹಿಂದಿನ ಚಕ್ರದಾಚೆಯ ಬಾಲ ಬಲಕ್ಕೆ ಬೀಸುತ್ತದೆ ಎಂಬುದು ಪಂಪಿನ ಕಂಬ ತಗುಲಿದ ಮೇಲೆ ನೆನಪಾಯಿತು. ಕಂಬದಿಂದ ಒಂದು ಗಾಡಿಯಷ್ಟು ನೇರವಾಗಿ ಮುಂದೆ ಬಂದು ಆಮೇಲೆ ತಿರುಗಿಸಬೇಕಿತ್ತು.

ಹಿಂದಕ್ಕೆ ತೆಗೆಯುವಾಗ ಇಬ್ಬರಲ್ಲೊಬ್ಬರು ಕೆಳಗಿಳಿದು, ಚಾಲಕರಿಗೆ ಕನ್ನಡಿಯಲ್ಲಿ ಕಾಣುವ ಕಡೆ ನಿಂತು ಕೈಸನ್ನೆ ಮಾಡಬೇಕು. ಸನ್ನೆಗಳನ್ನು ಹೊರಡುವ ಮೊದಲೇ ಖಾಲಿ ಮೈದಾನದಲ್ಲಿ ಇಬ್ಬರೂ ಸೇರಿ ಗೊತ್ತುಮಾಡಿಕೊಳ್ಳಿ: ಕೈ ಮೇಲೆತ್ತಿದರೆ ನಿಲ್ಲು, ಕನ್ನಡಿಯಲ್ಲಿ ಕಾಣದಾದರೂ ನಿಲ್ಲು. ಕೂಗಿ ಹೇಳುವುದು ಇಂಜಿನ್ ಸದ್ದಿನಲ್ಲಿ ಚಾಲಕರಿಗೆ ಕೇಳಿಸುವುದಿಲ್ಲ, ಅಕ್ಕಪಕ್ಕದ ಗಾಡಿಯವರಿಗೆ ಮಾತ್ರ ಚೆನ್ನಾಗಿ ಕೇಳಿಸುತ್ತದೆ.